ಸಹಾಯ ಬೇಕು: ಫೈರ್‌ವಾಲ್ ಹಿಂದಿರುವ ಲಿನಕ್ಸ್ ಕಂಪ್ಯೂಟರಿನಲ್ಲಿ ಟೈಮ್ ಸಿಂಕ್ ಆಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಉಡುಪಿಯ ನಮ್ಮ ಮನೆಯಲ್ಲಿ ಒಂದು ಹಳೇ ಪಿಸಿಗೆ ಡೆಬಿಯನ್ ಲಿನಕ್ಸ್ ಹಾಕಿ, ಎನ್‌ಎಫ್‌ಟೇಬಲ್ಸ್‌ನಲ್ಲಿ (ಲಿನಕ್ಸಿನ ಪ್ಯಾಕೆಟ್ ಫಿಲ್ಟರ್) ಫೈರ್‌ವಾಲ್ ಮಾಡಿಕೊಂಡಿದ್ದೇನೆ. ಅದರ ಹಿಂದಿರುವ ಡೆಸ್ಕ್‌ಟಾಪಿನ ಸಿಮಾಸ್ ಬ್ಯಾಟರಿ (ಆಫ್ ಇದ್ದಾಗಲೂ ಗಡಿಯಾರ ಓಡಿಸುವುದು) ಸತ್ತಿದೆ. ಮಳೆಗಾಲದಲ್ಲಿ ಇಲ್ಲಿ ಕರೆಂಟಿನ ಕಥೆ ಗೊತ್ತೇ ಇದೆಯಲ್ಲ. ಹೋಗಿ ಬಂದಾಗೆಲ್ಲ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ, ಬ್ರೌಸರ್ ಯಾವ ಸೈಟಿನ ಸರ್ಟಿಫಿಕೇಟನ್ನೂ ಒಪ್ಪುವುದಿಲ್ಲ. ಬ್ಯಾಟರಿ ಹೇಗೂ ಬದಲಿಸುತ್ತೇನೆ, ಆದರೂ ಟೈಮ್ ಸಿಂಕ್ ಆಗಬೇಕಲ್ವಾ?

ಫೈರ್‌ವಾಲ್ ಪಿಸಿಯಲ್ಲಿ ಟೈಮ್ ಸಿಂಕ್ ಮಾಡುವ ಕ್ರೋನಿ ಇದೆ, ಅಲ್ಲಿ ಟೈಮ್ ಸರಿಯಾಗಿದೆ. ಡೆಸ್ಕ್‌ಟಾಪಿನಲ್ಲಿ ಅದೇ ಕೆಲಸಕ್ಕೆ ಎನ್‌ಟಿಪಿಡಿ ಇದೆ, ಅಲ್ಲಿ ಎಲ್ಲ ಸರ್ವರ್‌ಗಳ ಎದುರೂ ರೀಚ್ 0, ಅಂದರೆ ಉತ್ತರವೇ ಬಂದಿಲ್ಲ. ಹೊರಗೆ ಹೋಗುವ ಯುಡಿಪಿ 123 (ಟೈಮ್ ಕೇಳುವ ಪೋರ್ಟ್) ಬಿಟ್ಟಿದ್ದೇನೆ, ಉತ್ತರಗಳನ್ನು ಒಳಗೆ ಬಿಡುವ ಎಸ್ಟಾಬ್ಲಿಷ್ಡ್ ರೂಲ್ ಕೂಡ ಇದೆ. ಡಿಎನ್‌ಎಸ್ (ಸರ್ವರ್ ಹೆಸರಿನಿಂದ ವಿಳಾಸ ಹುಡುಕುವುದು) ತೊಂದರೆ ಇಲ್ಲ. ಫೈರ್‌ವಾಲ್‌ನ ಹೊರಗಿನ ನೆಟ್‌ವರ್ಕ್ ಕಾರ್ಡಿನ ಮೇಲೆ ಟಿಸಿಪಿಡಂಪ್ (ಹೋಗಿ ಬರುವ ಪ್ಯಾಕೆಟ್ ತೋರಿಸುವ ಪ್ರೋಗ್ರಾಂ) ಹಾಕಿ ನೋಡಿದೆ: ಪ್ಯಾಕೆಟ್ ಹೋಗುತ್ತದೆ, ಉತ್ತರ ಮಾತ್ರ ಬರುವುದೇ ಇಲ್ಲ.

ತಲೆ ಕೆಡುವುದು ಇಲ್ಲಿ. ಅದೇ ಡೆಸ್ಕ್‌ಟಾಪಿನಲ್ಲಿ ಎನ್‌ಟಿಪಿಡೇಟ್‌ಗೆ (ಒಂದು ಸಲ ಟೈಮ್ ಕೇಳುವ ಕಮಾಂಡ್) ‘ಮೈನಸ್ ಯು’ ಕೊಟ್ಟು ಓಡಿಸಿದರೆ ತಕ್ಷಣ ಉತ್ತರ ಬರುತ್ತದೆ! ಹೀಗೆ ಓಡಿಸಿದ ಎನ್‌ಟಿಪಿಡೇಟೂ ಕ್ರೋನಿಯೂ ಯಾವುದೋ ದೊಡ್ಡ ನಂಬರಿನ ಪೋರ್ಟಿನಿಂದ ಕೇಳುತ್ತವೆ. ಎನ್‌ಟಿಪಿಡಿ ತನ್ನ 123ರಿಂದಲೇ ಕೇಳುತ್ತದೆ, ಮಾಸ್ಕರೇಡ್ (ಡೆಸ್ಕ್‌ಟಾಪಿನ ವಿಳಾಸದ ಬದಲು ಫೈರ್‌ವಾಲ್‌ನ ವಿಳಾಸ ಹಾಕುವ ರೂಲ್) ಆ ನಂಬರನ್ನು ಹಾಗೇ ಉಳಿಸಿ ಕಳಿಸುತ್ತದೆ. ಹಾಗಾಗಿ 123ಕ್ಕೆ ವಾಪಸ್ ಬರುವುದನ್ನು ಇಂಟರ್ನೆಟ್ ಕೊಡುವವರೇ ತಡೆಯುತ್ತಿದ್ದಾರೆ ಎಂದು ನನ್ನ ಅನುಮಾನ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ‘ರೂಟರ್ ಆಫ್ ಮಾಡಿ ಆನ್ ಮಾಡಿ ಸರ್’ ಅಷ್ಟೇ.

ನನ್ನ ಪ್ರಶ್ನೆ: ಸೋರ್ಸ್ ಪೋರ್ಟ್ 123 ಇರುವ ಯುಡಿಪಿಗೆ ಮಾತ್ರ ಮಾಸ್ಕರೇಡ್‌ನಲ್ಲಿ 1024–65535 ರೇಂಜ್ ಕೊಟ್ಟರೆ ಸಾಕಾ? ಆ ರೂಲ್ ಮಾಮೂಲಿ ಮಾಸ್ಕರೇಡ್ ರೂಲಿಗಿಂತ ಮೇಲೆ ಇರಬೇಕಾ? ಯಾರಾದರೂ ಹೀಗೆ ಮಾಡಿದ್ದರೆ ನಿಮ್ಮ ರೂಲ್ ಹಾಕಿ.