ಲೋಡ್ ಇಳಿಕೆಯ ಅವಧಿ ಮುಗಿಯುವ ಮೊದಲೇ ಗೀಸರ್ ತಾನಾಗಿ ಆನ್ ಆಗುತ್ತಿದೆ (ಬಗೆಹರಿದಿದೆ)

ಮಹಡಿಮನೆ:

ಎಲ್ಲರಿಗೂ ನಮಸ್ಕಾರ. ವಿದ್ಯುತ್ ಸರಬರಾಜು ಸಂಸ್ಥೆಯ ಸ್ವಯಂಚಾಲಿತ ಡಿಮ್ಯಾಂಡ್ ರೆಸ್ಪಾನ್ಸ್ (ಬೇಡಿಕೆ ಏರಿದಾಗ ಮನೆಗಳ ಲೋಡ್, ಅಂದರೆ ವಿದ್ಯುತ್ ಬಳಕೆ, ಇಳಿಸುವ) ಯೋಜನೆಗೆ ಮನೆಯ ನಾಲ್ಕು ಉಪಕರಣಗಳನ್ನು ಜೋಡಿಸಿದ್ದೇನೆ. ಗ್ರಿಡ್ ಮೇಲೆ ಹೊರೆ ಏರುವ ಹೊತ್ತಿಗೆ ಸಂಸ್ಥೆಯ ಸರ್ವರ್ ಓಪನ್‌ಎಡಿಆರ್ 2.0ಬಿ ಎಂಬ ಸಂವಹನ ಮಾನದಂಡದ ಪ್ರಕಾರ ಸೂಚನೆ ಕೊಡುತ್ತದೆ. ಮನೆಯ ಪುಟ್ಟ ಕಂಪ್ಯೂಟರಿನಲ್ಲಿ ನಡೆಯುವ ವಿಇಎನ್ ತಂತ್ರಾಂಶ ಅದನ್ನು ಓದಿಕೊಂಡು, ಒಪ್ಪಿಗೆ ತಿಳಿಸಿ, ಅದೇ ಕಂಪ್ಯೂಟರಿನಲ್ಲಿರುವ ಎಂಕ್ಯೂಟಿಟಿ ಬ್ರೋಕರ್ (ಉಪಕರಣಗಳಿಗೆ ಸಂದೇಶ ಹಂಚುವ ತಂತ್ರಾಂಶ) ಮೂಲಕ ಉಪಕರಣಗಳಿಗೆ ಆದೇಶ ಕಳುಹಿಸುತ್ತದೆ. ಸೂಚನೆಯ ಮಟ್ಟ 1 ಆಗಿದ್ದರೆ ಗೀಸರ್ ಮತ್ತು ನೀರಿನ ಪಂಪು ಮಾತ್ರ ನಿಲ್ಲುತ್ತವೆ. ಮಟ್ಟ 2 ಆದರೆ ಎಸಿಯ ತಾಪಮಾನವೂ 24ರಿಂದ 27 ಡಿಗ್ರಿಗೆ ಏರುತ್ತದೆ, ಕಾರಿನ ಚಾರ್ಜರ್ ಕೂಡ ನಿಲ್ಲುತ್ತದೆ. ಗೀಸರ್ 100 ಲೀಟರಿನದು, 2 ಕಿಲೋವ್ಯಾಟಿನದು, ವೈಫೈ ರಿಲೇ (ಆದೇಶ ಬಂದಾಗ ಕರೆಂಟ್ ಕೂಡಿಸುವ, ಕಡಿಯುವ ಸ್ವಿಚ್) ಮೂಲಕ ನಡೆಯುತ್ತದೆ. ಚಾರ್ಜರ್ ಕೂಡ ವೈಫೈಯಲ್ಲಿದೆ. ಪಂಪಿಗೆ ಜಿಗ್ಬೀ (ವೈಫೈ ಅಲ್ಲದ ಬೇರೆ ನಿಸ್ತಂತು ಜಾಲ) ರಿಲೇ ಇದೆ. ಎಸಿಗೆ ಇನ್‌ಫ್ರಾರೆಡ್ ರಿಮೋಟ್ ಪೆಟ್ಟಿಗೆ ಇಟ್ಟಿದ್ದೇನೆ.

ಸಮಸ್ಯೆ ಹೀಗಿದೆ. ಸಂಜೆ 6ರಿಂದ 8ರವರೆಗಿನ ಅವಧಿ ಶುರುವಾದಾಗ ಎಲ್ಲವೂ ಸರಿಯಾಗಿ ನಿಲ್ಲುತ್ತವೆ. ಆದರೆ ಕೆಲವು ಸಂಜೆ ನಡುವೆ ಎಲ್ಲೋ ಒಂದು ಹೊತ್ತಿನಲ್ಲಿ ಗೀಸರ್ ಮಾತ್ರ ಮತ್ತೆ ಆನ್ ಆಗಿಬಿಡುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಅದು ಆಫ್ ಎಂದೇ ಕಾಣುತ್ತಿರುತ್ತದೆ. ನಿಜ ಸಂಗತಿ ತಿಳಿಯುವುದು ಮೀಟರಿನ 15 ನಿಮಿಷದ ದಾಖಲೆಗಳನ್ನು ನೋಡಿದಾಗ ಮಾತ್ರ. ಇನ್ನೊಂದು ಚಿಕ್ಕ ಸಂಶಯ: ಅವಧಿ ಸರಿಯಾಗಿ 6 ಗಂಟೆಗೆ ಶುರುವಾಗದೆ ಪ್ರತಿ ಸಲವೂ ಬೇರೆ ಬೇರೆ ನಿಮಿಷ ತಡವಾಗುತ್ತಿದೆ. ಇವೆರಡಕ್ಕೂ ಸಂಬಂಧ ಇರಬಹುದೇ?

ಬೆಸುಗೆಕಡ್ಡಿ:

ಎರಡನೆಯ ಸಂಶಯಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ದೋಷವೇ ಅಲ್ಲ. ಸೂಚನೆಯಲ್ಲಿ ಆರಂಭದ ಸಮಯದ ಜೊತೆಗೆ ಇಷ್ಟು ನಿಮಿಷದೊಳಗೆ ಯಾವಾಗಲಾದರೂ ಶುರು ಮಾಡಬಹುದು ಎಂಬ ಸಡಿಲಿಕೆಯೂ ಇರಬಹುದು. ಸಾವಿರಾರು ಮನೆಗಳ ಲೋಡ್ ಒಂದೇ ಸೆಕೆಂಡಿನಲ್ಲಿ ಬಿದ್ದರೂ ಗ್ರಿಡ್‌ಗೆ ತೊಂದರೆಯೇ ಆದ್ದರಿಂದ, ಪ್ರತಿಯೊಂದು ವಿಇಎನ್ ಆ ಮಿತಿಯೊಳಗೆ ಯಾದೃಚ್ಛಿಕವಾಗಿ ಒಂದು ಕ್ಷಣವನ್ನು ಆರಿಸಿಕೊಳ್ಳುತ್ತದೆ. ಆರಂಭ ಎಷ್ಟು ಜರುಗುತ್ತದೆಯೋ ಮುಕ್ತಾಯವೂ ಅಷ್ಟೇ ಜರುಗುತ್ತದೆ. ಅದನ್ನು ಮುಟ್ಟಬೇಡಿ.

ಗೀಸರಿನ ವಿಷಯದಲ್ಲಿ ನನಗೆ ರಿಲೇಯ ಮೇಲೆಯೇ ಅನುಮಾನ. 230 ವೋಲ್ಟಿನಲ್ಲಿ 2 ಕಿಲೋವ್ಯಾಟ್ ಎಂದರೆ ಸುಮಾರು 8.7 ಆಂಪಿಯರ್. 10 ಆಂಪಿಯರ್ ಎಂದು ಬರೆದಿರುವ ಸಣ್ಣ ರಿಲೇಯನ್ನು ಗಾಳಿಯಾಡದ ಪೆಟ್ಟಿಗೆಯೊಳಗೆ ಕೂರಿಸಿ ಗಂಟೆಗಟ್ಟಲೆ ಅಷ್ಟು ಕರೆಂಟ್ ಹರಿಸಿದರೆ ಅದರ ಸಂಪರ್ಕಬಿಂದುಗಳು ಅಂಟಿಕೊಳ್ಳುವುದುಂಟು. ಪೆಟ್ಟಿಗೆ ಬಿಸಿಯಾಗುತ್ತಿದೆಯೇ, ಕಂದು ಕಲೆ ಬಿದ್ದಿದೆಯೇ ಎಂದು ಮೇನ್ ಸ್ವಿಚ್ ತೆಗೆದು ಪರೀಕ್ಷಿಸಿ.

ಫೇಸ್‌ನ್ಯೂಟ್ರಲ್:

ಬೆಸುಗೆಕಡ್ಡಿಯವರು ಹೇಳಿದ ಪರೀಕ್ಷೆ ಹೇಗಿದ್ದರೂ ಮಾಡಬೇಕಾದದ್ದೇ. ಆದರೆ ಅಂಟಿಕೊಂಡ ರಿಲೇ ಅವಧಿಯ ಆರಂಭದಲ್ಲೇ ಆಫ್ ಆಗಲು ನಿರಾಕರಿಸುತ್ತದೆ. ಚೆನ್ನಾಗಿ ಬಿಟ್ಟುಕೊಂಡು, ಅರ್ಧ ಗಂಟೆ ಸುಮ್ಮನಿದ್ದು, ಆಮೇಲೆ ತಾನೇ ಕೂಡಿಕೊಳ್ಳುವುದಿಲ್ಲ. ಸರ್ವರ್ ನಡುವೆಯೇ ಸೂಚನೆಯನ್ನು ರದ್ದು ಮಾಡಿತೇ ಎಂದರೆ, ಹಾಗಾಗಿದ್ದರೆ ಪಂಪು ಮತ್ತು ಚಾರ್ಜರ್ ಕೂಡ ಮರಳಬೇಕಿತ್ತು. ಆದ್ದರಿಂದ ಗೀಸರಿಗೆ ಮಾತ್ರ ಯಾರೋ ಆನ್ ಎಂಬ ಆದೇಶ ಕೊಡುತ್ತಿದ್ದಾರೆ ಎಂದು ಭಾವಿಸಿ ಹುಡುಕುವುದು ಒಳ್ಳೆಯದು.

ಮೂರು ವಿಷಯ ತಿಳಿಸಿ. ಡ್ಯಾಶ್‌ಬೋರ್ಡ್ ತೋರಿಸುವ ಆಫ್ ಎಂಬುದು ರಿಲೇ ತಾನೇ ಕಳುಹಿಸಿದ ಸ್ಥಿತಿಯೋ, ಅಥವಾ ನೀವು ಕಳುಹಿಸಿದ ಆದೇಶವನ್ನೇ ನಿಜವೆಂದು ನಂಬಿ ತೋರಿಸುತ್ತಿರುವುದೋ? ಗೀಸರ್ ಮರಳಿ ಆನ್ ಆದ ನಿಮಿಷದಲ್ಲಿ ಬ್ರೋಕರ್‌ನ ಲಾಗ್ ಏನು ಹೇಳುತ್ತದೆ? ಗೀಸರಿನ ಆದೇಶದ ಟಾಪಿಕ್‌ಗೆ (ಬ್ರೋಕರ್‌ನಲ್ಲಿ ಆ ಆದೇಶಗಳು ಹೋಗುವ ವಿಳಾಸಕ್ಕೆ) ಹೊಸದಾಗಿ ಚಂದಾದಾರರಾದರೆ, ಯಾರೂ ಏನನ್ನೂ ಕಳುಹಿಸದಿದ್ದರೂ ತಕ್ಷಣ ಒಂದು ಸಂದೇಶ ಬರುತ್ತದೆಯೇ?

ಮಹಡಿಮನೆ:

ರಿಲೇಯನ್ನು ಬಿಚ್ಚಿ ನೋಡಿದೆ. ಕಲೆ, ಕರಕಲು ಯಾವುದೂ ಇಲ್ಲ. ಡ್ಯಾಶ್‌ಬೋರ್ಡ್ ಆದೇಶವನ್ನೇ ಸ್ಥಿತಿಯೆಂದು ತೋರಿಸುವಂತೆ ಹೊಂದಿಸಲ್ಪಟ್ಟಿತ್ತು. ರಿಲೇಯ ಸ್ಥಿತಿಯ ಟಾಪಿಕ್ ಅದಕ್ಕೆ ಜೋಡಣೆಯಾಗಿಯೇ ಇರಲಿಲ್ಲ.

ಲಾಗ್‌ನಲ್ಲಿ ಕಂಡದ್ದು ಇದು. 18:41:07ಕ್ಕೆ ಗೀಸರಿನ ರಿಲೇಯಿಂದ ಹೊಸ ಸಂಪರ್ಕ, ಅದಾದ ಎರಡು ಸೆಕೆಂಡಿಗೆ ಚಾರ್ಜರಿನಿಂದ, ಆಮೇಲೆ ಇನ್‌ಫ್ರಾರೆಡ್ ಪೆಟ್ಟಿಗೆಯಿಂದ. 18:41:08ಕ್ಕೆ ಗೀಸರಿನ ರಿಲೇ ತನ್ನ ಆದೇಶದ ಟಾಪಿಕ್‌ಗೆ ಚಂದಾದಾರನಾಗಿದೆ. ಮರುಕ್ಷಣವೇ ಬ್ರೋಕರ್ ಅದಕ್ಕೆ ಆನ್ ಎಂಬ ಸಂದೇಶ ಕೊಟ್ಟಿದೆ, ಅದರ ಪಕ್ಕದಲ್ಲಿ ರಿಟೇನ್ ಗುರುತು 1 ಎಂದಿದೆ. ಕಂಪ್ಯೂಟರಿನಿಂದ ಚಂದಾದಾರನಾಗಿ ನೋಡಿದರೆ ನನಗೂ ಕೂಡಲೇ ಆನ್ ಬಂದಿತು. ಅದೇ ಹೊತ್ತಿಗೆ ರೂಟರ್‌ನ ದಾಖಲೆಯಲ್ಲಿ 2.4 ಗಿಗಾಹರ್ಟ್ಸ್ ವೈಫೈ ಚಾನೆಲ್ ತಾನಾಗಿ ಬದಲಾದ ಉಲ್ಲೇಖವಿದೆ. ಅವಧಿ ಮುಗಿದಾಗ ಓಡುವ ಸ್ಕ್ರಿಪ್ಟಿನಲ್ಲಿ ಗೀಸರಿನ ಆನ್ ಆದೇಶಕ್ಕೆ ರಿಟೇನ್ ಹಾಕಲಾಗಿದೆ. ಆ ಕ್ಷಣದಲ್ಲಿ ರಿಲೇಗೆ ವೈಫೈ ಸಿಗದಿದ್ದರೂ ಆಮೇಲೆ ಬಿಸಿನೀರು ತಪ್ಪಬಾರದು ಎಂಬುದು ಅದರ ಉದ್ದೇಶ.

ಫೇಸ್‌ನ್ಯೂಟ್ರಲ್:

ಹಾಗಾದರೆ ಕಾರಣ ಸಿಕ್ಕಿತು. ರಿಟೇನ್ ಗುರುತಿನೊಂದಿಗೆ ಕಳುಹಿಸಿದ ಕೊನೆಯ ಸಂದೇಶವನ್ನು ಬ್ರೋಕರ್ ಆ ಟಾಪಿಕ್‌ನ ಹೆಸರಿನಲ್ಲಿ ತೆಗೆದಿಟ್ಟುಕೊಳ್ಳುತ್ತದೆ ಮತ್ತು ಹೊಸದಾಗಿ ಚಂದಾದಾರರಾದ ಪ್ರತಿಯೊಬ್ಬರಿಗೂ ಅದನ್ನು ಕೊಡುತ್ತದೆ. ರಿಟೇನ್ ಇಲ್ಲದೆ ಕಳುಹಿಸಿದ ಸಂದೇಶ ಆಗ ಸಂಪರ್ಕದಲ್ಲಿದ್ದವರಿಗೆ ತಲುಪುತ್ತದೆ, ಆದರೆ ತೆಗೆದಿಟ್ಟ ಹಳೆಯ ಸಂದೇಶವನ್ನು ಅಳಿಸುವುದಿಲ್ಲ. ಎಲ್ಲರೂ ಎಡವುವ ಜಾಗ ಇದೇ. ನಿನ್ನೆ ರಾತ್ರಿ 8ಕ್ಕೆ ಹೋದ ಆನ್ ಬ್ರೋಕರ್ ಬಳಿ ಉಳಿದಿದೆ. ಇಂದು ಸಂಜೆ 6ಕ್ಕೆ ಹೋದ ಆಫ್ ರಿಲೇಗೆ ತಲುಪಿದೆ, ಬ್ರೋಕರ್ ಬಳಿ ಉಳಿದಿಲ್ಲ. 18:41ಕ್ಕೆ ವೈಫೈ ಕಡಿದು ಕೂಡಿದಾಗ ರಿಲೇಯ ಕೈಗೆ ನಿನ್ನೆಯ ಆದೇಶ ಬಂದಿದೆ. ಬ್ರೋಕರ್ ತನ್ನ ಕೆಲಸವನ್ನು ನಿಯಮದಂತೆಯೇ ಮಾಡಿದೆ. ಚಾನೆಲ್ ಬದಲಾಗದ ಸಂಜೆ ಏನೂ ಆಗುವುದಿಲ್ಲ, ಆದ್ದರಿಂದಲೇ ಈ ದೋಷ ಕೆಲವು ದಿನ ಮಾತ್ರ ಕಂಡಿತು. ಪಂಪು ಜಿಗ್ಬೀಯಲ್ಲಿ ಇರುವುದರಿಂದ ಅದಕ್ಕೆ ಈ ಗಾಳಿ ತಾಗಲಿಲ್ಲ. ಚಾರ್ಜರಿನ ಆದೇಶಕ್ಕೆ ರಿಟೇನ್ ಇಲ್ಲದ ಕಾರಣ ಅದೂ ಪಾರಾಯಿತು.

ಆ ಟಾಪಿಕ್‌ಗೆ ರಿಟೇನ್ ಗುರುತಿನೊಂದಿಗೆ ಖಾಲಿ ಸಂದೇಶ ಕಳುಹಿಸಿದರೆ ಉಳಿದಿರುವ ಆನ್ ಅಳಿಸಿಹೋಗುತ್ತದೆ. ಇಂದಿನ ಮಟ್ಟಿಗೆ ಅಷ್ಟು ಸಾಕು. ರೂಟರ್‌ನಲ್ಲಿ ಚಾನೆಲ್ ಅನ್ನು ಒಂದಕ್ಕೆ ಕಟ್ಟಿಹಾಕಿ.

ಬೆಸುಗೆಕಡ್ಡಿ:

ಸರಿ, ರಿಲೇ ನಿರಪರಾಧಿ. ಹಾಗಿದ್ದರೆ ಆಫ್ ಆದೇಶಕ್ಕೂ ರಿಟೇನ್ ಹಾಕಿಬಿಟ್ಟರೆ ಮುಗಿಯಿತಲ್ಲವೇ?

ತಂತಿಬೇಲಿ:

ಅಷ್ಟಕ್ಕೇ ನಿಲ್ಲಿಸಬಾರದು ಎಂಬುದು ನನ್ನ ಅಭಿಪ್ರಾಯ. ಎರಡಕ್ಕೂ ರಿಟೇನ್ ಹಾಕಿದರೆ ಈ ದೋಷವೇನೋ ಹೋಗುತ್ತದೆ, ಆದರೆ ಇದರ ತಿರುವುಮುರುವಾದ ದೋಷ ಬಾಗಿಲಲ್ಲೇ ಕಾದಿರುತ್ತದೆ: 7 ಗಂಟೆಗೆ ಆ ಪುಟ್ಟ ಕಂಪ್ಯೂಟರ್ ಕೆಟ್ಟು ನಿಂತರೆ ಆನ್ ಎಂಬ ಆದೇಶವನ್ನು ಕೊಡುವವರೇ ಇರುವುದಿಲ್ಲ, ಬೆಳಿಗ್ಗೆ ಎದ್ದವರಿಗೆ ತಣ್ಣೀರೇ ಗತಿ. ಎಂಕ್ಯೂಟಿಟಿಯ 5ನೇ ಆವೃತ್ತಿಯಲ್ಲಿ ಸಂದೇಶಕ್ಕೆ ಆಯುಷ್ಯ ಕೊಡುವ ಸೌಲಭ್ಯವಿದೆ. ಆಫ್ ಸಂದೇಶಕ್ಕೆ 7200 ಸೆಕೆಂಡ್ ಎಂದು ಬರೆದರೆ ಎರಡು ಗಂಟೆಯ ನಂತರ ಬ್ರೋಕರ್ ಅದನ್ನು ತಾನೇ ಎಸೆಯುತ್ತದೆ. ಆದರೆ ಎಸೆಯುವುದು ಬ್ರೋಕರ್ ಮಾತ್ರ. ಆಗಲೇ ಆಫ್ ಆಗಿ ಕುಳಿತಿರುವ ರಿಲೇಗೆ ಅದರ ಸುದ್ದಿಯೇ ತಿಳಿಯುವುದಿಲ್ಲ.

ಡಿಮ್ಯಾಂಡ್ ರೆಸ್ಪಾನ್ಸ್‌ನಲ್ಲಿ ಸರ್ವರ್ ಕೇಳುವುದು ಒಂದು ಸಲ ಗುಂಡಿ ಒತ್ತುವುದನ್ನಲ್ಲ, ಇಷ್ಟು ಗಂಟೆಯವರೆಗೆ ಲೋಡ್ ಕೆಳಗಿರಲಿ ಎಂಬುದನ್ನು. ಮೂಲ ಸೂಚನೆಯಲ್ಲೇ ಆರಂಭ ಮತ್ತು ಅವಧಿ ಎರಡೂ ಇರುತ್ತವೆ. ಅದನ್ನು ನಾವು ಮನೆಯೊಳಗೆ ಬರಿಯ ಆನ್ ಮತ್ತು ಆಫ್ ಆಗಿ ಒಡೆದಾಗ ಮುಕ್ತಾಯದ ಸಮಯ ಎಂಬ ಮುಖ್ಯ ಮಾಹಿತಿಯೇ ದಾರಿಯಲ್ಲಿ ಉದುರಿಹೋಗುತ್ತದೆ. ಆದ್ದರಿಂದ ಟಾಪಿಕ್‌ನಲ್ಲಿ ಆಫ್ ಎಂದು ಬರೆಯುವ ಬದಲು, ಈ ಕ್ಷಣದವರೆಗೆ ತಡೆ ಇದೆ ಎಂಬ ಮುಕ್ತಾಯದ ಸಮಯವನ್ನೇ ರಿಟೇನ್ ಗುರುತಿನೊಂದಿಗೆ ಕಳುಹಿಸಿ. ರಿಲೇಯ ಫರ್ಮ್‌ವೇರ್‌ನಲ್ಲಿ (ಒಳಗಿನ ತಂತ್ರಾಂಶದಲ್ಲಿ) ಒಂದು ಚಿಕ್ಕ ನಿಯಮ ಬರೆಯಿರಿ: ಸಂದೇಶದ ಸಮಯ ಇನ್ನೂ ಬಂದಿಲ್ಲವಾದರೆ ಆಫ್ ಆಗಿರು ಮತ್ತು ಉಳಿದ ಸೆಕೆಂಡುಗಳಿಗೆ ಟೈಮರ್ ಇಟ್ಟುಕೋ, ಟೈಮರ್ ಮುಗಿದಾಗ ಆನ್ ಆಗು, ಆ ಸಮಯ ಕಳೆದುಹೋಗಿದ್ದರೆ ಸಂದೇಶವನ್ನು ಲೆಕ್ಕಿಸಬೇಡ. ಆಗ ಸಂಪರ್ಕ ಎಷ್ಟು ಸಲ ಕಡಿದರೂ, ಯಾವ ಕ್ಷಣದಲ್ಲಿ ಕೂಡಿದರೂ, ಬ್ರೋಕರ್ ಬಳಿ ಇರುವ ಸಂದೇಶ ತಪ್ಪು ಹೇಳುವುದಿಲ್ಲ. ಕಂಪ್ಯೂಟರ್ ಕೆಟ್ಟರೂ ಗೀಸರ್ ತಾನಾಗಿ ಮರಳುತ್ತದೆ. ಸಮಯವನ್ನು ಯುಟಿಸಿಯಲ್ಲೇ (ಜಾಗತಿಕ ಪ್ರಮಾಣ ಸಮಯದಲ್ಲೇ) ಇಡಿ, ಮೂಲ ಸೂಚನೆಯಲ್ಲಿಯೂ ಹಾಗೆಯೇ ಇರುತ್ತದೆ.

ಒಂದು ಎಚ್ಚರಿಕೆ ಇದೆ. ಕರೆಂಟ್ ಹೋಗಿ ಬಂದ ಮೇಲೆ ರಿಲೇಗೆ ಇಂಟರ್ನೆಟ್ಟಿನಿಂದ ಸಮಯ ಸಿಗುವವರೆಗೆ ಅದರ ಗಡಿಯಾರ ಸುಳ್ಳು ಹೇಳುತ್ತಿರುತ್ತದೆ. ಆ ಸ್ಥಿತಿಯಲ್ಲಿ ಏನು ಮಾಡಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿ. ಗೀಸರಿಗೆ ಒಳಗೆ ತನ್ನದೇ ಥರ್ಮೋಸ್ಟಾಟ್ ಇರುವುದರಿಂದ ಆನ್ ಆಗಿರಲಿ ಎನ್ನಬಹುದು. ತೆರೆದ ಕಾಯಿಲ್ ಇರುವ ರೂಮ್ ಹೀಟರ್ ಆಗಿದ್ದರೆ ನಾನು ಆಫ್ ಎಂದೇ ಬರೆಯುತ್ತಿದ್ದೆ.

ಡ್ಯಾಶ್‌ಬೋರ್ಡಿಗೂ ರಿಲೇಯ ಸ್ಥಿತಿಯನ್ನಷ್ಟೇ ನಂಬಿಸಬೇಡಿ. ಆ ರಿಲೇಯಲ್ಲಿ ವ್ಯಾಟ್ ಅಳೆಯುವ ವ್ಯವಸ್ಥೆ ಇದ್ದರೆ ಅವಧಿಯ ಉದ್ದಕ್ಕೂ 50 ವ್ಯಾಟ್ ಮೀರಿದ ಕೂಡಲೇ ಎಚ್ಚರಿಕೆ ಬರುವಂತೆ ಮಾಡಿ. ಯೋಜನೆಯವರು ಲೆಕ್ಕ ಹಾಕುವುದು ಮುಖ್ಯ ಮೀಟರಿನಿಂದ, ಹಿಂದಿನ ಅಂಥದೇ ದಿನಗಳ ಬಳಕೆಯ ಸರಾಸರಿಗೆ ಹೋಲಿಸಿ. ನಿಮ್ಮ ವಿಇಎನ್ ಒಪ್ಪಿಗೆ ತಿಳಿಸಿದ್ದರೂ ನಡುವೆ 20 ನಿಮಿಷ ಗೀಸರ್ ಉರಿದರೆ 0.67 ಯೂನಿಟ್ ಆ ಲೆಕ್ಕದಲ್ಲಿ ನಿಮ್ಮ ವಿರುದ್ಧ ಕೂರುತ್ತದೆ.

ಮಹಡಿಮನೆ:

ತಂತಿಬೇಲಿಯವರ ವಿಧಾನವನ್ನೇ ಅಳವಡಿಸಿದೆ. ಪರೀಕ್ಷೆಗಾಗಿ ಅವಧಿಯ ನಡುವೆ ರೂಟರನ್ನು ಬೇಕೆಂದೇ ಆಫ್ ಮಾಡಿ ಆನ್ ಮಾಡಿದೆ, ಗೀಸರ್ ಅಲುಗಲಿಲ್ಲ. ಇನ್ನೊಂದು ಸಲ ಕಂಪ್ಯೂಟರಿನ ತಂತಿಯನ್ನೇ ಕಿತ್ತೆ. ಸಮಯ ಮುಗಿದಾಗ ರಿಲೇ ತಾನೇ ಆನ್ ಆಯಿತು.

ಈಗ ಮೀಟರಿನಲ್ಲಿ ಹೊಸದೊಂದು ಕಾಣುತ್ತಿದೆ. ಅವಧಿ ಮುಗಿದ ತಕ್ಷಣದ 15 ನಿಮಿಷದಲ್ಲಿ ಬಳಕೆ ಎಂದಿನದಕ್ಕಿಂತ ಬಹಳ ಮೇಲೇರುತ್ತದೆ. ಚಾರ್ಜರನ್ನು ಪೂರ್ತಿ ನಿಲ್ಲಿಸುವ ಬದಲು 1 ಕಿಲೋವ್ಯಾಟಿಗೆ ಇಳಿಸಿಟ್ಟರೆ ಇದು ತಗ್ಗೀತೇ?

ಫೇಸ್‌ನ್ಯೂಟ್ರಲ್:

1 ಕಿಲೋವ್ಯಾಟ್ ಸಾಧ್ಯವಿಲ್ಲ. ಐಇಸಿ 61851 ಎಂಬ ಚಾರ್ಜಿಂಗ್ ಮಾನದಂಡದ ಪ್ರಕಾರ ಚಾರ್ಜರ್ ಕಾರಿಗೆ ಹೇಳಬಹುದಾದ ಕನಿಷ್ಠ ಕರೆಂಟ್ 6 ಆಂಪಿಯರ್. ಸಿಂಗಲ್ ಫೇಸ್ 230 ವೋಲ್ಟಿನಲ್ಲಿ ಅದು 1.38 ಕಿಲೋವ್ಯಾಟ್. ಅದಕ್ಕಿಂತ ಕೆಳಗೆ ಹೋಗಬೇಕಾದರೆ ನಿಲ್ಲಿಸುವುದೊಂದೇ ದಾರಿ. ಕೆಲವು ಕಾರುಗಳು ಪೂರ್ತಿ ನಿಲ್ಲಿಸಿದ ಮೇಲೆ ಮತ್ತೆ ಎಚ್ಚರಗೊಳ್ಳಲು ಹಟ ಮಾಡುತ್ತವೆ. ನಿಮ್ಮ ಕಾರು ಅಂಥದಾದರೆ 6 ಆಂಪಿಯರಿಗೆ ಇಳಿಸಿಡುವುದೇ ಲೇಸು.

ತಂತಿಬೇಲಿ:

ಆ ಏರಿಕೆಗೆ ಕಾರಣ ಚಾರ್ಜರ್ ಒಂದೇ ಅಲ್ಲ. ಎರಡು ಗಂಟೆ ತಡೆಹಿಡಿದ ಕೆಲಸವನ್ನೆಲ್ಲ ಉಪಕರಣಗಳು ಒಟ್ಟಿಗೆ ತೀರಿಸಲು ಹೊರಡುತ್ತವೆ: ಗೀಸರ್ 2, 16 ಆಂಪಿಯರ್ ಚಾರ್ಜರ್ ಸುಮಾರು 3.7, ಎಸಿ ಸುಮಾರು 1.5, ಒಟ್ಟು 7 ಕಿಲೋವ್ಯಾಟ್ ದಾಟುತ್ತದೆ. ನಿಮ್ಮ ಮನೆಯಲ್ಲಿ ಆಗುವುದೇ ಬೀದಿಯ ಎಲ್ಲ ಮನೆಗಳಲ್ಲೂ ಆದರೆ, ಅವಧಿಯಲ್ಲಿ ತಪ್ಪಿಸಿದ ಬೇಡಿಕೆಯ ಶಿಖರವನ್ನು ನಾವೇ ಒಂದೆರಡು ಗಂಟೆ ಮುಂದಕ್ಕೆ ಒಯ್ದು ಕಟ್ಟಿದಂತೆ. ಮರಳುವಿಕೆಯನ್ನು ಸರದಿಯಲ್ಲಿ ಇಡಿ. ಮೊದಲು ಎಸಿ, ಹತ್ತು ನಿಮಿಷದ ಆಸುಪಾಸಿನಲ್ಲಿ ಗೀಸರ್, ಅದರ ವ್ಯಾಟ್ ಇಳಿದ ಮೇಲೆ ಚಾರ್ಜರ್. ಕಾರಿಗೆ ಇಡೀ ರಾತ್ರಿ ಇದೆ. ನಡುವಿನ ಅಂತರಕ್ಕೆ ಯಾದೃಚ್ಛಿಕವಾಗಿ ಒಂದಷ್ಟು ನಿಮಿಷ ಸೇರಿಸಿ.

ಗೀಸರನ್ನು ಅವಧಿಗೆ ಮುಂಚೆಯೇ ಕಾಯಿಸಿಡಬಹುದು. 100 ಲೀಟರ್ ನೀರನ್ನು 10 ಡಿಗ್ರಿ ಏರಿಸಲು ಸುಮಾರು 1.16 ಯೂನಿಟ್ ಬೇಕು, ನಿಮ್ಮ ಗೀಸರಿಗೆ ಅದು 35 ನಿಮಿಷದ ಕೆಲಸ. ಆದರೆ 60 ಡಿಗ್ರಿ ಮೀರಿಸುವುದಾದರೆ ನಲ್ಲಿಗೆ ಹೋಗುವ ದಾರಿಯಲ್ಲಿ ತಣ್ಣೀರು ಬೆರೆಸುವ ವಾಲ್ವ್ ಕಡ್ಡಾಯವಾಗಿ ಇರಬೇಕು, ಇಲ್ಲವಾದರೆ ಚರ್ಮ ಸುಡುತ್ತದೆ.

ಬೆಸುಗೆಕಡ್ಡಿ:

ಎಸಿಯ ಬಗ್ಗೆ ಒಂದು ಮಾತು. ಇನ್‌ಫ್ರಾರೆಡ್ ಪೆಟ್ಟಿಗೆ ಹೇಳುತ್ತದೆ, ಕೇಳಿಸಿಕೊಳ್ಳುವುದಿಲ್ಲ. ಮನೆಯವರು ಮಾಮೂಲಿ ರಿಮೋಟಿನಿಂದ ಮತ್ತೆ 24ಕ್ಕೆ ಇಳಿಸಿದರೆ ನಿಮ್ಮ ಕಂಪ್ಯೂಟರಿಗೆ ಗೊತ್ತೇ ಆಗುವುದಿಲ್ಲ. ಎಸಿಯ ಫೇಸ್ ತಂತಿಗೆ ಕರೆಂಟ್ ಅಳೆಯುವ ಕ್ಲ್ಯಾಂಪ್ ಸೆನ್ಸರ್ ಹಾಕಿದರೆ ಸಾಕು. ಇದಕ್ಕೂ ರಿಲೇ ಹಾಕಿ ಕರೆಂಟನ್ನೇ ಕಡಿಯುವ ಯೋಚನೆ ಮಾತ್ರ ಬೇಡ. ನಿಂತ ಕಂಪ್ರೆಸರ್ ಮತ್ತೆ ಹೊರಡುವ ಮೊದಲು ಒಳಗಿನ ಒತ್ತಡ ಸಮವಾಗಲು ಕನಿಷ್ಠ ಮೂರು ನಿಮಿಷವಾದರೂ ಬೇಕು, ಹೊರಡುವಾಗ ಎಳೆಯುವ ಕರೆಂಟಿಗೆ ಸಣ್ಣ ರಿಲೇ ನಿಜವಾಗಿಯೂ ಅಂಟಿಕೊಳ್ಳುತ್ತದೆ.

ಮಹಡಿಮನೆ:

ಸರದಿಯ ಕ್ರಮ ಹಾಕಿದ ಮೇಲೆ ಅವಧಿಯ ನಂತರದ ಏರಿಕೆ 4 ಕಿಲೋವ್ಯಾಟಿನೊಳಗೆ ನಿಂತಿದೆ. ಕಾರು 6 ಆಂಪಿಯರಿನಲ್ಲಿ ತಕರಾರಿಲ್ಲದೆ ಚಾರ್ಜ್ ಆಗುತ್ತಿದೆ. ಕ್ಲ್ಯಾಂಪ್ ಸೆನ್ಸರ್ ಇನ್ನೂ ಹಾಕಬೇಕಿದೆ. ಅಲ್ಲಿಯವರೆಗೆ ಮಟ್ಟ 2ರ ಸೂಚನೆ ಬಂದಾಗ ಎಸಿಯ ರಿಮೋಟನ್ನು ಯಾರೂ ಮುಟ್ಟಬಾರದೆಂದು ಮನೆಯಲ್ಲಿ ಹೇಳಿಟ್ಟಿದ್ದೇನೆ. ವಿಷಯವನ್ನು ಬಗೆಹರಿದಿದೆ ಎಂದು ಗುರುತಿಸುತ್ತಿದ್ದೇನೆ. ಮೂವರಿಗೂ ಧನ್ಯವಾದಗಳು.