ನಮ್ಮನ್ನು ರೂಪಿಸಿದವರು ನಮಗಾಗಿ ನಿಜವಾಗಿ ಮಾಡಿದ್ದೇನು?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಈ ವರ್ಷ ಪ್ರೌಢಶಾಲೆಯೊಂದಕ್ಕೆ ಗಣಿತದ ಶಿಕ್ಷಕಿಯಾಗಿ ಸೇರಿದ್ದೇನೆ. ನನ್ನ ಬದುಕಿಗೆ ದಿಕ್ಕು ತೋರಿಸಿದವರು ಯಾರೆಂದು ಕೇಳಿದರೆ ಏಳನೆಯ ತರಗತಿಯ ಗಣಿತದ ಮೇಷ್ಟರನ್ನು ತಕ್ಷಣ ನೆನೆಯುತ್ತೇನೆ. ಆದರೆ ಅವರು ಮಾಡಿದ್ದೇನೆಂದು ಯೋಚಿಸಿದಾಗ, ಲೆಕ್ಕ ತಪ್ಪಾದರೆ ಉತ್ತರವನ್ನು ತಿದ್ದದೆ, ತಪ್ಪಿದ ಸಾಲಿನ ಪಕ್ಕದಲ್ಲಿ ಪೆನ್ಸಿಲಿನ ಒಂದು ಚುಕ್ಕಿಯಿಟ್ಟು ಪುಸ್ತಕ ಹಿಂದಿರುಗಿಸುತ್ತಿದ್ದರು ಎಂಬುದಷ್ಟೇ ಹೊಳೆಯುತ್ತದೆ. ಒಬ್ಬರನ್ನು ರೂಪಿಸುವುದೆಂದರೆ ಹೆಚ್ಚು ಹೇಳಿಕೊಡುವುದೇ, ಅಥವಾ ಬೇರೆ ಏನಾದರೂ ಇದೆಯೇ? ತಿಳಿದವರು ಉದಾಹರಣೆಯೊಂದಿಗೆ ಹೇಳಿದರೆ ಉಪಕಾರವಾಗುತ್ತದೆ.

ಹುಬ್ಬಳ್ಳಿಯ ಓದುಗ:
ನಿಮ್ಮ ಪ್ರಶ್ನೆ ಓದಿದಾಗ ನನಗೆ ಗಂಗೂಬಾಯಿ ಹಾನಗಲ್ ಅವರ ತಾಯಿ ಅಂಬಾಬಾಯಿ ನೆನಪಾದರು. ಗಂಗೂಬಾಯಿಯವರ ಗುರು ಯಾರೆಂದರೆ ಎಲ್ಲರೂ ಕುಂದಗೋಳದ ಸವಾಯಿ ಗಂಧರ್ವರ ಹೆಸರು ಹೇಳುತ್ತಾರೆ, ಅದು ಸರಿಯೇ. ಹುಬ್ಬಳ್ಳಿಯಿಂದ ರೈಲು ಹಿಡಿದು ಕುಂದಗೋಳಕ್ಕೆ ಹೋಗಿ, ಪಾಠ ಮುಗಿಸಿಕೊಂಡು ಮರಳುತ್ತಿದ್ದ ಆ ಶಿಷ್ಯೆಯ ಶ್ರದ್ಧೆಯನ್ನೂ ನಮ್ಮ ಕಡೆ ಇಂದಿಗೂ ಕೊಂಡಾಡುತ್ತಾರೆ. ಆದರೆ ಅಂಬಾಬಾಯಿಯವರು ಸ್ವತಃ ಕರ್ನಾಟಕ ಶೈಲಿಯ ಗಾಯಕಿ. ಮಗಳ ಒಲವು ಹಿಂದೂಸ್ತಾನಿ ಸಂಗೀತದತ್ತ ಹರಿದಾಗ, ಅವಳ ಕಲಿಕೆಗಾಗಿ ಕುಟುಂಬವು 1928ರಲ್ಲಿ ಧಾರವಾಡ ಬಿಟ್ಟು ಹುಬ್ಬಳ್ಳಿಗೆ ಬಂತು. ತಮ್ಮ ಹಾಡಿಕೆಯ ನೆರಳು ಮಗಳ ಕಂಠದ ಮೇಲೆ ಬೀಳಬಾರದೆಂದು ಆ ತಾಯಿ ತಮ್ಮ ಹಾಡನ್ನೇ ನಿಲ್ಲಿಸಿದರು. 1932ರಲ್ಲಿ ಅವರು ತೀರಿಕೊಂಡರು; ಮಗಳು ಏರಿದ ಎತ್ತರವನ್ನು ಕಾಣಲಿಲ್ಲ. ತನಗೆ ಬಂದದ್ದನ್ನು ಕಲಿಸುವುದು ಯಾವ ತಾಯಿಗೂ ಸಹಜ. ತನಗೆ ಬಂದದ್ದನ್ನು ಮಗಳ ಸಲುವಾಗಿ ಬದಿಗಿಡುವುದನ್ನು ನಾನು ಅದಕ್ಕಿಂತ ದೊಡ್ಡ ಕೊಡುಗೆ ಎಂದೇ ತಿಳಿಯುತ್ತೇನೆ. ನಿಮ್ಮ ಮೇಷ್ಟರ ಚುಕ್ಕಿಯೂ ಇದೇ ಜಾತಿಯದು: ಉತ್ತರ ಗೊತ್ತಿದ್ದೂ ಅವರು ಅದನ್ನು ನಿಮಗೆ ಬಿಟ್ಟುಕೊಟ್ಟರು.

ಮಲೆನಾಡಿಗ:
ಇದಕ್ಕೆ ಕುವೆಂಪು ಅವರ ಬದುಕಿನಿಂದ ಒಂದು ಮಾತು ಸೇರಿಸುತ್ತೇನೆ. ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ಅವರಿಗೆ, ತಾಯ್ನುಡಿಯಲ್ಲಿ ಬರೆಯುವಂತೆ ಹೇಳಿದವರು ಐರಿಷ್ ಕವಿ ಜೇಮ್ಸ್ ಕಸಿನ್ಸ್. ಅದಾದ ಮೇಲೆ ಕನ್ನಡದಲ್ಲಿ ಅವರನ್ನು ಬೆಳೆಸಿದವರಲ್ಲಿ ಟಿ.ಎಸ್. ವೆಂಕಣ್ಣಯ್ಯನವರು ಮುಖ್ಯರು. ಗುರುಗಳು 1939ರಲ್ಲಿಯೇ ತೀರಿಕೊಂಡಿದ್ದರೂ, ಶಿಷ್ಯರು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅವರಿಗೇ ಅರ್ಪಿಸಿದರು. ಒಬ್ಬರು ದಾರಿ ತಿರುಗಿಸಿದರು, ಇನ್ನೊಬ್ಬರು ಆ ದಾರಿಯಲ್ಲಿ ಜೊತೆಗೆ ನಡೆದರು. ಎರಡನ್ನೂ ಒಬ್ಬರೇ ಮಾಡಬೇಕೆಂದಿಲ್ಲ.

ಬಸವನಗುಡಿಯವ:
ಹಿಂದೆ ಸರಿಯುವುದೊಂದೇ ಸಾಲದು ಎಂಬುದು ನನ್ನ ಅಭಿಪ್ರಾಯ. ಡಾ. ಎಚ್. ನರಸಿಂಹಯ್ಯನವರು ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದವರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ಆದರೂ ಅವರು ದಶಕಗಳ ಕಾಲ ಬದುಕಿದ್ದು ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯೊಂದರಲ್ಲಿ, ಖಾದಿ ಉಟ್ಟು, ಹುಡುಗರ ನಡುವೆ. ಸರಳತೆಯ ಬಗ್ಗೆ ಅವರು ಉಪನ್ಯಾಸ ಕೊಡಬೇಕಾಗಿರಲಿಲ್ಲ. ಬಾಗಿಲು ದಾಟುವ ಪ್ರತಿ ವಿದ್ಯಾರ್ಥಿಗೂ ಅದು ಕಾಣುತ್ತಿತ್ತು. ಮಕ್ಕಳು ನಾವು ಹೇಳಿದ್ದಕ್ಕಿಂತ ನಾವು ಇರುವ ರೀತಿಯನ್ನು ಗಮನಿಸುತ್ತಾರೆ.

ತುಂಗಾತೀರ:
ಮೂವರಿಗೂ ಕೃತಜ್ಞತೆಗಳು. ಒಂದು ಅನುಮಾನ ಉಳಿದಿದೆ: ತುಂಬಿದ ತರಗತಿಯಲ್ಲಿ ಯಾವ ಮಗುವಿಗೆ ಯಾವಾಗ ಉತ್ತರವನ್ನು ಬಿಟ್ಟುಕೊಡಬೇಕು, ಯಾವಾಗ ಕೈ ಹಿಡಿಯಬೇಕು ಎಂದು ತಿಳಿಯುವುದು ಹೇಗೆ?

ಹುಬ್ಬಳ್ಳಿಯ ಓದುಗ:
ತಪ್ಪಾದ ಲೆಕ್ಕವನ್ನು ಮಗುವಿನಿಂದಲೇ ಜೋರಾಗಿ ಓದಿಸಿ ನೋಡಿ ತಾಯಿ. ಓದುತ್ತಾ ಓದುತ್ತಾ ಒಂದು ಸಾಲಿನಲ್ಲಿ ತಾನಾಗಿಯೇ ತಡವರಿಸಿ ನಿಂತರೆ ನೀವು ಸುಮ್ಮನಿರಬಹುದು. ತಪ್ಪಿದ ಸಾಲನ್ನೂ ಸರಾಗವಾಗಿ ಓದಿಕೊಂಡು ಮುಂದೆ ಹೋದರೆ, ಆಗ ಪಕ್ಕದಲ್ಲಿ ಕುಳಿತು ಹೇಳಿಕೊಡಬೇಕು.