ಕೆರೆ ಹೂಳಿನ ಸ್ಯಾಂಪಲ್: ಭಾನುವಾರ ಬೆಳಗ್ಗೆ 6:30, ತೂಬಿನ ಹತ್ರ (ತುಮಕೂರು)

ಮನೆ 41: ರಾತ್ರಿ ಟ್ಯಾಂಕರ್ ರಾಜಕಾಲುವೆಗೆ ಬಿಡೋ ಹಸಿರು ಕೆಸರಿಗೆ ನೀರಿನ ಟೆಸ್ಟ್ ಸಾಲದು. ಅದರಲ್ಲಿರಬಹುದಾದ ಕ್ರೋಮಿಯಂ, ಸೀಸದಂಥ ಲೋಹ ಬಹುಪಾಲು ನುಣ್ಣನೆ ಜೇಡಿಗೆ ಅಂಟ್ಕೊಂಡು ತಳ ಸೇರುತ್ತೆ. ಹೂಳೇ ತೆಗೀಬೇಕು. ಸಮುದ್ರಕ್ಕೆ ಕಸ ಸುರಿದ ಕಡೆಯೂ ಹುಡುಕೋದು ತಳದ ಕೆಸರಲ್ಲೇ.
ಟ್ಯಾಂಕರ್ ಕೆಸರು ಬರೋ ಮೋರಿಗಿಂತ ಮೇಲೆ ಎರಡು ಜಾಗ, ಮೋರಿ ಬಾಯಲ್ಲಿ ಒಂದು, ಕೆಳಗೆ 50, 150, 400 ಮೀಟರಲ್ಲಿ ಒಂದೊಂದು, ಕೊನೇದು ತೂಬಿನ ಹತ್ರ. ಮೇಲಿನ ಎರಡನ್ನ ಎತ್ತದೇ ಹೋದ್ರೆ ಹೋಲಿಸೋಕೆ ಏನೂ ಇರಲ್ಲ, ಉಳಿದ ಐದಕ್ಕೆ ಕೊಟ್ಟ ದುಡ್ಡು ದಂಡ.

ಮನೆ 17: ಸರ್, ನಮ್ಮಲ್ಲಿ ಸ್ಟೀಲ್ ಕರಣೆ, ತಗಡಿನ ಬಕೆಟ್ ಇದೆ. ತರ್ಲಾ?

ಮನೆ 41: ಬೇಡ ಮೇಡಂ. ಸ್ಟೀಲಿಂದ ಕ್ರೋಮಿಯಂ, ನಿಕಲ್ ಸೇರ್ಕೊಳ್ಳುತ್ತೆ, ತಗಡಿಂದ ಜಿಂಕ್. ಪ್ಲಾಸ್ಟಿಕ್ ಸೌಟು ಸಾಕು. ಮೇಲಿನ 3 ಸೆಂ.ಮೀ. ಮಾತ್ರ, ಅದಕ್ಕಿಂತ ಕೆಳಗಿರೋದು ಹಳೇ ಹೂಳು. ಒಂದು ಮೀಟರ್ ಒಳಗೆ ಮೂರು ಕಡೆ ಎತ್ತಿ ಕಲಸಿ, ಅರ್ಧ ಕೆಜಿ ಜಿಪ್ ಕವರ್‌ಗೆ. ಚೀಟಿ ಪೆನ್ಸಿಲ್ಲಲ್ಲಿ ಬರೀರಿ, ಪೆನ್ನಿನ ಇಂಕು ಹರಡುತ್ತೆ.

ಮನೆ 8: ಗಣೇಶ ಬಿಡೋ ಮೆಟ್ಟಿಲ ಹತ್ರ ಎತ್ಬೇಡಿ. ಬಣ್ಣದ ಸೀಸ, ಕ್ರೋಮಿಯಂ ಅಲ್ಲೇ ಕೂತಿರುತ್ತೆ. ಆಮೇಲೆ ಟ್ಯಾಂಕರ್‌ನವನು ‘ಎಲ್ಲಾ ಗಣಪನದ್ದೇ’ ಅಂತಾನೆ.

ಮನೆ 41: ಸರಿ ಅಣ್ಣ. ಲ್ಯಾಬಿಗೆ ಮೊದಲೇ ಹೇಳ್ಬೇಕು: ಒಣಗಿಸಿ 63 ಮೈಕ್ರಾನ್ ಜರಡಿಗೆ ಹಾಕಿ, ಲೋಹ ಕರಗಿಸೋಕೆ ಏಳಕ್ಕೂ ಒಂದೇ ಆಸಿಡ್ ವಿಧಾನ, ಜೊತೆಗೆ ಅಲ್ಯೂಮಿನಿಯಂ ಕೂಡ ಅಳೀರಿ ಅಂತ. ಮರಳು ಜಾಸ್ತಿ ಇದ್ದ ಕಡೆ ಲೋಹ ಕಮ್ಮಿ ಕಾಣುತ್ತೆ. ಜೇಡಿ ಎಷ್ಟಿದೆ ಅಂತ ಅಲ್ಯೂಮಿನಿಯಂ ತೋರಿಸುತ್ತೆ, ಕ್ರೋಮಿಯಂನ ಅದರಿಂದ ಭಾಗಿಸಿದ್ರೆ ಆ ಮೋಸ ಹೋಗುತ್ತೆ. ಕಬ್ಬಿಣದ ನಂಬರ್ ನೋಡಿ ಗಾಬರಿ ಬೇಡ, ನಮ್ಮ ಕೆಮ್ಮಣ್ಣಲ್ಲೇ ಅದು ತುಂಬಾ ಇದೆ. ಕ್ರೋಮಿಯಂ, ನಿಕಲ್ ಒಟ್ಟಿಗೆ ಏರಿದ್ರೆ ಪ್ಲೇಟಿಂಗ್ (ಲೋಹಕ್ಕೆ ಲೇಪ ಹಾಕೋ) ಕಾರ್ಖಾನೆ ಕಡೆ ಅನುಮಾನ. ಸೀಸ ಮಾತ್ರ ಏರಿದ್ರೆ ಹಳೇ ಬ್ಯಾಟರಿ.

ಮನೆ 22: ಏರಿ ಕೆಳಗಿನ ಬೋರ್‌ವೆಲ್?

ಮನೆ 41: ಹತ್ತು ನಿಮಿಷ ಮೋಟಾರ್ ಓಡಿಸಿ ಎರಡು ಬಾಟಲಿ ಹಿಡೀರಿ. ಒಂದಕ್ಕೆ ಲ್ಯಾಬ್ ಕೊಟ್ಟ ನೈಟ್ರಿಕ್ ಆಸಿಡ್, ಪಿಎಚ್ 2ಕ್ಕಿಂತ ಕೆಳಗೆ ಬರ್ಬೇಕು. ಇನ್ನೊಂದು ಕ್ರೋಮಿಯಂ-6ಕ್ಕೆ (ಕ್ರೋಮಿಯಂನ ಹೆಚ್ಚು ವಿಷದ ರೂಪ): ಆಸಿಡ್ ಇಲ್ಲ, ಐಸ್‌ನಲ್ಲಿಟ್ಟು 24 ಗಂಟೆ ಒಳಗೆ ಲ್ಯಾಬ್‌ಗೆ. ಕುಡಿಯೋ ನೀರಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ, ಸೀಸ 0.01 ದಾಟಬಾರದು.

ಮನೆ 22: ಈ ರಿಪೋರ್ಟ್ ಕೋರ್ಟಿಗೆ ನಡೆಯುತ್ತಾ?

ಮನೆ 8: ಇದನ್ನೇ ನೆಚ್ಕೊಳ್ಳೋ ಹಾಗಿಲ್ಲ. 1974ರ ಜಲ ಕಾಯ್ದೆ 21ನೇ ಕಲಂ ಪ್ರಕಾರ ಕಾರ್ಖಾನೆ ನೀರಿನ ಸ್ಯಾಂಪಲ್ಲನ್ನ ಮಾಲಿನ್ಯ ನಿಯಂತ್ರಣ ಮಂಡಳಿಯವರೇ ನೋಟಿಸ್ ಕೊಟ್ಟು, ಎರಡು ಭಾಗ ಮಾಡಿ, ಸೀಲ್ ಹಾಕಿ ತಗೋಬೇಕು. ನಮ್ಮ ರಿಪೋರ್ಟ್ ಅವರನ್ನ ಇಲ್ಲಿಗೆ ಕರೆಸೋಕೆ.

ಮನೆ 17: ಐಸ್ ಬಾಕ್ಸ್ ನಾನು ತರ್ತೀನಿ. ಸೌಟು ಏಳು ಬೇಕಾ?

ಮನೆ 41: ಏಳೂ ಬೇರೆ ಬೇರೆ ಇರ್ಲಿ. ಮೋರಿ ಬಾಯದ್ದು ಕೊನೇಗೆ ಎತ್ತೋಣ.